ತಡೆಯಕ್ಕ ಮತ್ತು ಧ್ವನಿಮನೆಯ ಹಳೇ ಯಂತ್ರ

ನನ್ನ ಸೋದರತ್ತೆಯನ್ನು ಕೆಲಸದ ಕಡೆ ಎಲ್ಲರೂ ತಡೆಯಕ್ಕ ಅಂತಲೇ ಕರೆಯುತ್ತಾರೆ. ಯಾರು ಏನು ಕೇಳಿಕೊಂಡು ಹೋದರೂ ಅವಳ ಬಾಯಿಂದ ಮೊದಲು ಬರುವ ಮಾತು ‘ತಡೀರಿ’. ಕಂಪ್ಯೂಟರ್ ನಿಂತುಹೋಗಿದೆ ಅಂದರೂ ತಡೀರಿ, ಹೊಸ ಮೈಕು ಬಂದಿದೆ, ಜೋಡಿಸಿಕೊಡಿ ಅಂದರೂ ತಡೀರಿ, ಊಟಕ್ಕೆ ಏಳಿ ಅಂದರೂ ತಡೀರಿ. ಅವಳನ್ನು ಕಂಡರಾಗದವರು ಅದಕ್ಕೆ ಬೇರೆ ಅರ್ಥ ಹಚ್ಚಿ, ಎಲ್ಲರ ಕೆಲಸಕ್ಕೂ ತಡೆ ಹಾಕುವ ಅಕ್ಕ ಎಂದು ನಗುತ್ತಿದ್ದರು. ಅತ್ತೆಗೆ ಎರಡೂ ಗೊತ್ತು. ಎರಡಕ್ಕೂ ಅವಳ ಮುಖ ಒಂದೇ ಥರ ಇರುತ್ತಿತ್ತು.

ಕೆಲಸದ ಕಡೆ ಅಂದರೆ ಧ್ವನಿಮನೆ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿ ಮುದ್ರಿಸಿಡುವ ಜಾಗ ಅದು. ಎರಡು ಮಹಡಿಯ ಕಟ್ಟಡ. ಮೇಲೆ ಓದುವ ಕೋಣೆಗಳು, ಸದ್ದು ಒಳಬರದಂತೆ ಅವುಗಳ ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದಿದೆ. ಕೆಳಗೆ ಕಚೇರಿ, ಫೋನುಗಳ ಹಜಾರ, ಮತ್ತು ಮೆಟ್ಟಿಲ ಅಡಿಯಲ್ಲಿ ಅತ್ತೆಯ ಯಂತ್ರಗಳ ಕೋಣೆ. ಕೇಳುಗರು ತಮ್ಮ ಮನೆಯಿಂದಲೇ ಫೋನು ಮಾಡಿ, ಗುಂಡಿ ಒತ್ತಿ, ಬೇಕಾದ ಪುಸ್ತಕ ಹಾಕಿಸಿಕೊಂಡು ಕೇಳುತ್ತಾರೆ. ನಾನು ಅಲ್ಲಿ ಓದುವವಳು. ಕೆಲಸ ಸಿಕ್ಕಿದ್ದೇ ಅತ್ತೆಯ ಮನೆಯಲ್ಲಿ ಬೀಡುಬಿಟ್ಟೆ, ಇನ್ನೂ ಎದ್ದಿಲ್ಲ. ಮೂವತ್ತು ದಾಟಿದರೂ ಅವಳಿಗೆ ನಾನು ಪುಟ್ಟಿಯೇ.

ಅತ್ತೆ ಧ್ವನಿಮನೆಗೆ ಬಂದಿದ್ದು ಟೈಪು ಮಾಡುವವಳಾಗಿ. ಕೆಲವು ವರ್ಷಕ್ಕೆ ಮೊದಲ ಸರ್ವರ್ ಬಂತು. ಅದನ್ನು ಕೂರಿಸಲು ಬಂದಿದ್ದಾತ ಇಲ್ಲಿ ಒತ್ತಿದರೆ ಶುರು, ಅಲ್ಲಿ ಒತ್ತಿದರೆ ಬಂದ್ ಎಂದು ಹೇಳಿ ಹೊರಟುಹೋದ. ಇನ್ನು ಇದನ್ನು ನೋಡಿಕೊಳ್ಳುವವರು ಯಾರು ಎಂದು ಆಗಿನ ನಿರ್ದೇಶಕರು ಕೇಳಿದಾಗ ಎಲ್ಲರೂ ಚಾವಣಿ ನೋಡಿದರಂತೆ. ಅತ್ತೆಗೂ ಬೇಡವೇ ಆಗಿತ್ತು. ಆದರೆ ಅವಳಿಗೆ ಚಿಕ್ಕಂದಿನಿಂದ ಉಗ್ಗು. ‘ಬೇಡ’ ಎನ್ನುವ ಮಾತು ತುಟಿ ದಾಟುವಷ್ಟರಲ್ಲಿ ಕೆಲಸ ಅವಳ ತಲೆಗೆ ಬಂದಿತ್ತು. ಈ ಕಥೆಯನ್ನು ಅವಳೇ ನಗುತ್ತಾ ಹೇಳುತ್ತಾಳೆ.

ಆ ‘ತಡೀರಿ’ಯ ಗುಟ್ಟೂ ಅದೇ. ತಕಾರ ಅವಳಿಗೆ ಎಂದೂ ಕೈಕೊಟ್ಟಿಲ್ಲ. ಪ, ಬ, ಕ ಇವೆಲ್ಲ ಬಾಗಿಲಲ್ಲೇ ಕಾಲು ಸಿಕ್ಕಿಸಿಕೊಳ್ಳುತ್ತವೆ. ತಡೀರಿ ಅಂದು ಎದುರಿನವರನ್ನು ನಿಲ್ಲಿಸಿ, ಅಷ್ಟರಲ್ಲಿ ಉಳಿದ ಮಾತುಗಳನ್ನು ಸಾಲಾಗಿ ನಿಲ್ಲಿಸಿಕೊಳ್ಳುತ್ತಾಳೆ. ಮನೆಯಲ್ಲಿ ನಮ್ಮ ಜೊತೆ ಹೆಚ್ಚು ತೊಂದರೆಯಿಲ್ಲ. ಹೊರಗಿನವರ ಎದುರು, ಅದರಲ್ಲೂ ಫೋನಿನಲ್ಲಿ, ನಾಲಿಗೆ ಗಂಟುಬೀಳುತ್ತದೆ. ಅಷ್ಟು ವರ್ಷ ಧ್ವನಿಗಳ ಮನೆಯಲ್ಲೇ ದುಡಿದರೂ ಮೇಲಿನ ಓದುವ ಕೋಣೆಗೆ ಅವಳು ಹೋಗುತ್ತಿದ್ದುದು ವೈರು ನೋಡಲು ಮಾತ್ರ.

ಈಗ ಯಂತ್ರದ ವಿಷಯಕ್ಕೆ ಬರುತ್ತೇನೆ. ಕೋಣೆಯಲ್ಲಿದ್ದ ದೊಡ್ಡ ಸರ್ವರಿಗೆ ನಾವೆಲ್ಲ ಅಜ್ಜ ಅನ್ನುತ್ತಿದ್ದೆವು. ಧ್ವನಿಮನೆಯ ಅಷ್ಟೂ ಪುಸ್ತಕಗಳು ಅಜ್ಜನ ಹೊಟ್ಟೆಯಲ್ಲಿದ್ದವು. ಒಂದು ಬೆಳಿಗ್ಗೆ ಅತ್ತೆ ಒಂದು ಸಣ್ಣ ಯಂತ್ರಕ್ಕೆ ಅದನ್ನು ನಡೆಸುವ ಲಿನಕ್ಸಿನ ಹೊಸ ಆವೃತ್ತಿ ಹಾಕಿ ಚಾಲೂ ಮಾಡಿದಾಗ, ಡಿಸ್ಕು ಜೋಡಣೆಯಾಗುವ ಹೊತ್ತಿಗೆ ಪರದೆಯ ಮೇಲೆ ಒಂದು ಎಚ್ಚರಿಕೆ ಬಂತು. ನೀವು ಬಳಸುತ್ತಿರುವ ಖಾಲಿ ಜಾಗದ ಕ್ಯಾಶ್ ಹಳೇ ಪದ್ಧತಿಯದು, ಮುಂದೆ ಇದನ್ನು ಕೈಬಿಡಲಾಗುವುದು, ಹೊಸ ಪದ್ಧತಿಗೆ ಬದಲಾಯಿಸಿಕೊಳ್ಳಿ ಎಂಬುದು ಅದರ ತಾತ್ಪರ್ಯ. ಇಂಥ ಎಚ್ಚರಿಕೆ ಎಷ್ಟೋ ಬರುತ್ತವೆ, ಎಷ್ಟೋ ಜನ ನೋಡಿ ಸುಮ್ಮನಾಗುತ್ತಾರೆ. ಅತ್ತೆ ಸುಮ್ಮನಾಗಲಿಲ್ಲ, ಅಜ್ಜನೂ ಅದೇ ಹಳೇ ಪದ್ಧತಿಯವನು. ಅಂದು ಸಂಜೆ ಮನೆಯಲ್ಲಿ ತಟ್ಟೆ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದಳು, ಬಾಯಿಗಿಡಲಿಲ್ಲ.

ಮಾವ ಹೊಲಿಗೆಯವರು. ಏನಾಯಿತು ಎಂದು ಅವರು ಕೇಳಿದಾಗ ಅತ್ತೆ ವಿವರಿಸಿದ್ದನ್ನೇ ನಾನು ಇಲ್ಲಿ ಹೇಳುತ್ತಿದ್ದೇನೆ. ಡಿಸ್ಕಿನಲ್ಲಿ ಹೊಸದೇನಾದರೂ ಬರೆಯಬೇಕಾದರೆ ಎಲ್ಲಿ ಖಾಲಿ ಜಾಗವಿದೆ ಎಂದು ಮೊದಲು ಗೊತ್ತಾಗಬೇಕು. ಪ್ರತಿಸಲ ಇಡೀ ಡಿಸ್ಕು ಹುಡುಕುತ್ತ ಕೂತರೆ ಹೊತ್ತು ಮುಳುಗುತ್ತದೆ. ಅದಕ್ಕೇ ಖಾಲಿ ಜಾಗಗಳ ಗುರುತನ್ನು ಒಂದು ಕಡೆ ಬರೆದಿಟ್ಟುಕೊಂಡಿರುತ್ತದೆ, ಅದೇ ಕ್ಯಾಶ್. ಹಳೇ ಪದ್ಧತಿಯಲ್ಲಿ ಡಿಸ್ಕಿನ ಒಂದೊಂದು ಭಾಗಕ್ಕೂ ಒಂದೊಂದು ಗುಪ್ತ ಫೈಲು. ಡಿಸ್ಕು ಚಿಕ್ಕದಿದ್ದಾಗ ಸರಿಹೋಗುತ್ತಿತ್ತು. ಅಜ್ಜನಂಥ ದೊಡ್ಡ ಹೊಟ್ಟೆಯಲ್ಲಿ ಆ ಗುರುತುಗಳನ್ನು ತಿದ್ದಿ ಬರೆಯುವುದೇ ಒಂದು ದೊಡ್ಡ ಕೆಲಸ. ಹೊಸ ಪದ್ಧತಿಯಲ್ಲಿ ಅದೆಲ್ಲ ಒಂದು ಮರದ ಹಾಗೆ ಕವಲುಕವಲಾಗಿರುತ್ತದೆ, ಬದಲಾದ ಎಲೆಯನ್ನಷ್ಟೇ ತಿದ್ದಿದರೆ ಮುಗಿಯಿತು.

ಈ ಡಿಸ್ಕಿನ ಪದ್ಧತಿಗೆ ಹೆಸರೇನು ಎಂದು ಮಾವ ಕೇಳಿದರು. ಬಟರ್ ಎಫ್‌ಎಸ್ ಅಂತ ಕೆಲವರು ಕರೆಯುತ್ತಾರೆ ಎಂದಳು. ಮಾವನಿಗೆ ಅಷ್ಟು ಸಾಕಾಯಿತು.

“ಅಂದ್ರೆ ಬೆಣ್ಣೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಬಿಡು. ಊಟ ಮಾಡು ಈಗ.”

ಬೆಣ್ಣೆಯೇನೋ ಸರಿ, ಆದರೆ ತೆಗೆಯಬೇಕಾದರೆ ಡಿಸ್ಕನ್ನು ಬಳಕೆಯಿಂದ ಪೂರ್ತಿ ಬಿಡಿಸಬೇಕಿತ್ತು. ಹಳೇ ಗುರುತುಗಳನ್ನು ಒರೆಸಿ, ಹೊಸ ಪದ್ಧತಿ ಎಂದು ಒಂದು ಸಲ ಹೇಳಿ ಮತ್ತೆ ಜೋಡಿಸಬೇಕಿತ್ತು. ಆಗ ಯಂತ್ರ ಇಡೀ ಡಿಸ್ಕು ಓದಿಕೊಂಡು ಮರ ಕಟ್ಟುತ್ತದೆ. ಅಷ್ಟು ಹೊತ್ತೂ ಧ್ವನಿಮನೆ ಮೂಕ.

ಈಗಿನ ನಿರ್ದೇಶಕಿಯ ಕೋಣೆಯಲ್ಲಿ ಸಭೆ ಸೇರಿತು, ಆಕೆ, ಅತ್ತೆ, ಗ್ರಂಥಪಾಲಕರು, ಓದುವವರ ಪರವಾಗಿ ನಾನು. ಈಗ ಏನಾದರೂ ತೊಂದರೆಯಿದೆಯೇ ಎಂದು ಆಕೆ ಕೇಳಿದರು. ಇಲ್ಲ ಎಂದಳು ಅತ್ತೆ. ಎಲ್ಲ ಸರಿಯಿರುವಾಗ ಯಾಕೆ ಮುಟ್ಟಬೇಕು, ಕೆರೆದು ಹುಣ್ಣು ಮಾಡಿಕೊಂಡ ಹಾಗಾಗುವುದಿಲ್ಲವೇ ಎಂದರು. ಅತ್ತೆ ತಡೀರಿ ಅಂದಳು. ಮೂವರೂ ಕಾದೆವು.

“ಸರಿ ಇದೆ, ಅದಕ್ಕೇ ಈಗ ಮಾಡಬೇಕು ಮೇಡಂ. ಈಗಾದ್ರೆ ದಿನ ನಾವು ಆರಿಸಬಹುದು. ಆಮೇಲೆ ದಿನ ಅದು ಆರಿಸುತ್ತೆ.”

ನಿರ್ದೇಶಕಿ ಒಪ್ಪುವ ಹಾಗೆ ಕಂಡರು. ಒಪ್ಪದವರು ಗ್ರಂಥಪಾಲಕರು. ಅವರಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಫೋನುಗಳ ಹಜಾರವೆಲ್ಲ ಅವರದೇ ಉಸ್ತುವಾರಿ. ಒಂದು ಹಗಲು ಪುಸ್ತಕ ಇಲ್ಲ ಅಂದರೆ ಕೇಳುಗರಿಗೆ ಏನಾಗುತ್ತದೆ ಎನ್ನುವುದು ನಿಮಗೆ ತಿಳಿಯುವುದಿಲ್ಲ ಎಂದರು. ದೀಪ ಆರಿಸಿಕೊಂಡು ಕೂತಿರಿ ಅಂದ ಹಾಗೆ ಅದು, ದೀಪದ ವಿಷಯ ನನಗೇನೂ ಗೊತ್ತಿಲ್ಲ, ಆದರೂ ಹೇಳುತ್ತೇನೆ ಎಂದರು. ನಕಲು ಇಟ್ಟಿರುವ ಇನ್ನೊಂದು ಯಂತ್ರದಿಂದ ಅವತ್ತು ಪುಸ್ತಕ ಹಾಕಬಾರದೇ ಎಂದು ಕೇಳಿದರು. ಅದಕ್ಕೆ ಅತ್ತೆ ಸುತರಾಂ ಒಪ್ಪಲಿಲ್ಲ. ಅಜ್ಜನ ಹೊಟ್ಟೆ ಬಿಚ್ಚಿರುವಾಗ, ಇರುವ ಇನ್ನೊಂದೇ ಪ್ರತಿಯನ್ನು ದುಡಿಮೆಗೆ ಹಚ್ಚುವುದು ಸಾಧ್ಯವಿಲ್ಲ ಎಂದಳು. ಅದು ಹೇಳಿ ಮುಗಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಗ್ರಂಥಪಾಲಕರು ಎದ್ದು ಹೋದರು.

ಅವರಿಬ್ಬರೂ ಹಳೇ ಸ್ನೇಹಿತರು. ಚಹಾ ಒಟ್ಟಿಗೇ ಕುಡಿಯುತ್ತಿದ್ದರು. ಆ ವಾರ ಲೋಟಗಳು ಬೇರೆಬೇರೆಯಾದವು. ಅತ್ತೆ ತನ್ನ ಪಾಡಿಗೆ ಸಣ್ಣ ಯಂತ್ರಗಳ ಕೆಲಸ ಶುರುಮಾಡಿದಳು. ಓದುವ ಕೋಣೆಗಳವು ಮೊದಲು, ಆಮೇಲೆ ಕಚೇರಿಯದು. ನಿರ್ದೇಶಕಿಯ ಯಂತ್ರದಲ್ಲಿ ಅದನ್ನು ನಡೆಸುವ ವ್ಯವಸ್ಥೆಯೇ ಆ ಡಿಸ್ಕಿನ ಮೇಲೆ ಕೂತಿತ್ತು, ಕೂತ ಕೊಂಬೆಯನ್ನೇ ಕಡಿಯುವಂತಿಲ್ಲವಲ್ಲ. ಅದನ್ನು ಪೆನ್‌ಡ್ರೈವಿನಿಂದ ಎಬ್ಬಿಸಿ ಹೊರಗಿನಿಂದ ಮಾಡಿದಳು. ಪ್ರತಿಸಲವೂ ಮುಗಿಸಿದ ಮೇಲೆ ಯಂತ್ರವನ್ನು ಒಮ್ಮೆ ಪೂರ್ತಿ ಆರಿಸಿ ಮತ್ತೆ ಎಬ್ಬಿಸಿ, ಎಚ್ಚರಿಕೆ ಬರುತ್ತದೆಯೇ ಎಂದು ನೋಡುತ್ತಿದ್ದಳು. ಬರಲಿಲ್ಲ. ಮಾವನ ಬೆಣ್ಣೆಯ ಮಾತು ನಿಜವಾಗುತ್ತಾ ಬಂತು.

ವಾರದ ಕೊನೆಗೆ ಗ್ರಂಥಪಾಲಕರು ಗೋಡೆ ಸವರಿಕೊಂಡು ಮೆಟ್ಟಿಲಡಿಯ ಕೋಣೆಗೆ ಬಂದರು. ಇನ್ನೊಂದು ಕೈಯಲ್ಲಿ ಎರಡು ಲೋಟ. ಅವರೊಂದು ದಾರಿ ಹುಡುಕಿದ್ದರು. ಅವತ್ತು ಫೋನು ಮಾಡಿದವರಿಗೆ ಮುದ್ರಿಸಿಟ್ಟ ಧ್ವನಿಯ ಬದಲು ನಾವೇ ನೇರವಾಗಿ ಓದಿ ಹೇಳುವುದು. ಓದುವವರೆಲ್ಲ ಹಜಾರಕ್ಕೆ ಇಳಿದು ಬಂದು ಒಂದೊಂದು ಫೋನು ಹಿಡಿಯುವುದು. ಕೇಳುಗರಿಗೆ ಮುಂಚೆಯೇ ಹೇಳಿಬಿಟ್ಟಿದ್ದೇನೆ, ಕೆಲವರಿಗೆ ಖುಷಿಯೇ ಆಗಿದೆ ಎಂದರು. ಕೆಲಸ ಎಲ್ಲರೂ ಮಾಡುವ ಹಾಗೆ ರಾತ್ರಿಗಿಡಬೇಡಿ ಎಂದೂ ಹೇಳಿದರು. ನಿದ್ದೆ ಬಾರದವರು ಹೆಚ್ಚು ಕೇಳುವುದು ರಾತ್ರಿಯೇ. ಅತ್ತೆಗೂ ಅದೇ ಬೇಕಿತ್ತು. ತೂಕಡಿಸಿಕೊಂಡು ಯಾರೂ ಮನೆ ಖಾಲಿ ಮಾಡುವುದಿಲ್ಲ ಎಂದಳು.

ನಕಲು ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸಿದವರೂ ಅವರೇ. ಅಂಕಿಗಳ ಪ್ರಕಾರ ಎಲ್ಲ ತಾಳೆಯಾಗಿತ್ತು, ಆದರೂ ಅತ್ತೆಗೆ ಕಿವಿಯ ಸಾಕ್ಷಿ ಬೇಕಿತ್ತು. ಗ್ರಂಥಪಾಲಕರು ಅಲ್ಲೊಂದು ಇಲ್ಲೊಂದು ಪುಸ್ತಕ ತೆರೆದು, ತಮ್ಮ ಅಭ್ಯಾಸದ ವೇಗದಲ್ಲಿ ಕೇಳಿದರು. ನಮಗೆ ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಕೇಳಿಸುವುದು ಅವರಿಗೆ ಸ್ಪಷ್ಟ ಮಾತು. ಎಲ್ಲ ನೆಟ್ಟಗಿದೆ, ಒಂದು ಕಡೆ ಮಾತ್ರ ಓದುವವಳು ಕೆಮ್ಮಿದ್ದಾಳೆ ಎಂದರು. ಕೆಮ್ಮಿದವಳು ನಾನೇ.

ಆರಿಸಿದ ದಿನ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಅತ್ತೆ ಯಾವತ್ತಿನ ಸೀರೆಯನ್ನೇ ಉಟ್ಟು, ಯಾವತ್ತಿನ ಹೊತ್ತಿಗೇ ಹೊರಟಳು. ಎಲ್ಲರೂ ಪುಸ್ತಕ ಮುಚ್ಚಿ ಎಂದು ಹಜಾರದಲ್ಲಿ ಕೂಗಿಸಿ, ಅಜ್ಜನ ಡಿಸ್ಕುಗಳನ್ನು ಬಿಡಿಸಲು ಆಜ್ಞೆ ಕೊಟ್ಟಳು. ಅಜ್ಜ ಒಪ್ಪಲಿಲ್ಲ. ಯಾರೋ ಇನ್ನೂ ಬಳಸುತ್ತಿದ್ದಾರೆ ಎಂದು ಪರದೆ ಹೇಳಿತು. ಯಾರು ಎಂದು ಹುಡುಕಿದರೆ ಗ್ರಂಥಪಾಲಕರ ಮೇಜಿನ ಯಂತ್ರ. ಅವರು ಒಂದು ಪತ್ತೇದಾರಿ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಆಮೇಲೆ ಮುಂದುವರಿಸೋಣ ಎಂದು ಹಾಗೇ ಇಟ್ಟುಕೊಂಡಿದ್ದರು. ಅತ್ತೆ ಹಜಾರಕ್ಕೆ ಬಂದು ಅವರ ಪಕ್ಕ ನಿಂತಳು. ಅವಳ ಚಪ್ಪಲಿಯ ಸದ್ದಿಗೇ ಅವರಿಗೆ ಅರ್ಥವಾಯಿತು.

“ಕೊಲೆಗಾರ ಯಾರು ಅಂತ ಇನ್ನೇನು ಗೊತ್ತಾಗ್ತಿತ್ತು ಅಕ್ಕ” ಎನ್ನುತ್ತ ಮುಚ್ಚಿದರು.

ಹಳೇ ಗುರುತುಗಳನ್ನು ಒರೆಸುವ ಕೆಲಸ ಸಲೀಸಾಗಿ ಆಯಿತು. ಆಮೇಲೆ ಅತ್ತೆ ಹೊಸ ಪದ್ಧತಿಯಲ್ಲಿ ಜೋಡಿಸುವ ಆಜ್ಞೆ ಬರೆದು, ಎರಡು ಸಲ ಓದಿಕೊಂಡು, ಒತ್ತಿದಳು. ಪರದೆ ಖಾಲಿಯಾಯಿತು. ಸಣ್ಣ ಯಂತ್ರಗಳಲ್ಲಿ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿತ್ತು. ಅಜ್ಜ ಮಾತೇ ಆಡಲಿಲ್ಲ. ಒಂದು ಗೆರೆ ಮಿನುಗುತ್ತಿತ್ತು, ಅಷ್ಟೇ.

ಅರ್ಧ ಬೆಳಗು ಹಾಗೇ ಕಳೆಯಿತು. ನಿರ್ದೇಶಕಿ ಬಾಗಿಲಿಗೆ ಬಂದು ಇಣುಕಿ ಹೋದರು, ಮತ್ತೆ ಬಂದರು. ಸಿಕ್ಕಿಹಾಕಿಕೊಂಡಿರಬಹುದು, ಒಮ್ಮೆ ಆರಿಸಿ ಹಚ್ಚಿದರೆ ಹೇಗೆ ಎಂದು ಕೇಳಿದರು. ನಮ್ಮೆಲ್ಲರ ಮನಸ್ಸಿನಲ್ಲಿದ್ದುದೂ ಅದೇ. ಅತ್ತೆ ತಡೀರಿ ಅಂದಳು. ಇನ್ನೊಂದು ಪರದೆಯಲ್ಲಿ ಡಿಸ್ಕುಗಳು ಎಷ್ಟು ಓದಿವೆ ಎಂಬ ಅಂಕಿ ಏರುತ್ತಾ ಇರುವುದನ್ನು ತೋರಿಸಿದಳು. ಅಂಕಿ ಕಾಣದ ಗ್ರಂಥಪಾಲಕರು ಯಂತ್ರದ ಪಕ್ಕಕ್ಕೆ ಅಂಗೈ ಊರಿ, ತಲೆ ವಾಲಿಸಿ ಕೇಳಿಸಿಕೊಂಡರು. ಕೆಲಸ ನಡೆದಿದೆ, ಒಳಗೆ ಅಕ್ಕಿ ಆರಿಸುವ ಹಾಗೆ ಸದ್ದು ಬರುತ್ತಿದೆ ಎಂದರು. ನಿರ್ದೇಶಕಿ ಇಬ್ಬರನ್ನೂ ನೋಡಿ, ಊಟವಾದ ಮೇಲೆ ಬರುತ್ತೇನೆ ಎಂದು ಹೋದರು.

ಇತ್ತ ಹಜಾರದಲ್ಲಿ ಫೋನುಗಳಿಗೆ ಬಿಡುವಿರಲಿಲ್ಲ. ಯಾವತ್ತೂ ಫೋನು ಮಾಡದವರೂ ಅವತ್ತು ಮಾಡಿದ್ದರು, ಜೀವಂತ ಮನುಷ್ಯರು ಓದುತ್ತಾರಂತೆ ಎಂದು. ನಾನು ಒಬ್ಬರಿಗೆ ಪ್ರವಾಸದ ಪುಸ್ತಕ ಮುಗಿಸಿ ನೀರು ಕುಡಿಯಲು ಎದ್ದಾಗ ಗ್ರಂಥಪಾಲಕರು ಒಂದು ಕೈಯಲ್ಲಿ ತಂತಿಯಿಲ್ಲದ ಫೋನು, ಇನ್ನೊಂದರಲ್ಲಿ ಪುಸ್ತಕ ಹಿಡಿದು ಅತ್ತೆಯ ಕೋಣೆಯತ್ತ ಹೋಗುತ್ತಿದ್ದರು. ನಾನೂ ಹಿಂದೆ ಹೋದೆ.

“ಅಕ್ಕ, ಒಬ್ಬರು ಅಜ್ಜಿ ಆಗಿಂದ ಕಾಯ್ತಿದ್ದಾರೆ. ಎಲ್ಲರ ಕೈಯೂ ತುಂಬಿದೆ. ನೀವೊಬ್ಬರೇ ಸುಮ್ನೆ ಕೂತಿರೋದು.”

ಅತ್ತೆ ಆಗದೆಂದು ಜೋರಾಗಿ ತಲೆಯಾಡಿಸಿದಳು. ಅವರೆದುರು ತಲೆಯಾಡಿಸಿ ಏನು ಬಂತು? ಅವರು ಫೋನನ್ನು ಅವಳ ಕೈಗಿಟ್ಟು, ಪುಸ್ತಕವನ್ನು ಮಡಿಲಿಗಿಟ್ಟು ಹೊರಟೇಬಿಟ್ಟರು. ಅವಳು ನನ್ನ ಕಡೆ ನೋಡಿದಳು. ನಾನು ತೆಗೆದುಕೊಳ್ಳಬಹುದಿತ್ತು, ಕೈ ಚಾಚಿಯೂ ಇದ್ದೆ. ಅಷ್ಟರಲ್ಲಿ ಫೋನಿನಿಂದ ಹಲೋ ಹಲೋ ಎಂದು ಸಣ್ಣ ಸ್ವರ ಬಂತು. ಕೀಲಿಮಣೆಗೆ ಎರಡೂ ಕೈ ಬೇಕಲ್ಲ, ಅತ್ತೆ ಸ್ಪೀಕರ್ ಹಾಕಿ ಫೋನನ್ನು ಅಜ್ಜನ ಪಕ್ಕದಲ್ಲಿಟ್ಟಳು. ಪುಸ್ತಕ ತೆರೆದಳು. ಅದು ಹಡಗಿನಲ್ಲಿ ಅಡುಗೆ ಮಾಡುವವನೊಬ್ಬನ ಕಾದಂಬರಿ. ಮೊದಲ ಮಾತೇ ‘ಬೆಳಕು’. ಬಕಾರ.

ತುಟಿಗಳು ಕೂಡಿಕೊಂಡವು, ಬಿಡಲಿಲ್ಲ. ಕೋಣೆಯಲ್ಲಿ ಯಂತ್ರದ ಫ್ಯಾನಿನ ಸದ್ದೊಂದೇ ಇತ್ತು.

“ಲೈನು ಹೋಯ್ತಾ?” ಎಂದರು ಅಜ್ಜಿ.

“ಇ… ಇಲ್ಲ. ಇದ್ದೀನಿ. ತಡೀರಿ.”

“ಸರಿ, ತಡೀತೀನಿ. ನಾನೆಲ್ಲಿ ಹೋಗ್ಲಿ?”

ಅಜ್ಜಿ ನಿಜವಾಗಿಯೂ ತಡೆದರು. ಅಯ್ಯೋ ಪಾಪ ಅನ್ನಲಿಲ್ಲ, ಪರವಾಗಿಲ್ಲ ಅನ್ನಲಿಲ್ಲ, ಮುಂದಿನ ಪದ ಊಹಿಸಿ ಹೇಳಲಿಲ್ಲ. ಆ ಬೆಳಕು ಕೊನೆಗೂ ಹೊರಬಂತು, ಅದರ ಹಿಂದೆ ಇನ್ನೊಂದು ಮಾತು, ಅದರ ಹಿಂದೆ ಒಂದು ಇಡೀ ಸಾಲು. ಎರಡನೇ ಪುಟದ ಹೊತ್ತಿಗೆ ಅಡುಗೆಯವನು ಉಪ್ಪಿನ ಪೀಪಾಯಿ ಕಳೆದುಕೊಂಡಿದ್ದ. ಅಜ್ಜಿ ಮಧ್ಯೆ ಬಾಯಿ ಹಾಕಿ, ಅವನೇ ಎಲ್ಲೋ ಇಟ್ಟು ಮರೆತಿರ್ತಾನೆ, ನಮ್ಮೆಜಮಾನರೂ ಹಾಗೇ ಎಂದರು. ಅತ್ತೆ ನಕ್ಕಳು. ನಕ್ಕ ಮೇಲೆ ಒಂದಿಷ್ಟು ದೂರ ಎಲ್ಲೂ ಎಡವದೆ ಓದಿದಳು. ಮತ್ತೆ ಪಕಾರ ಬಂದಾಗ ಎಡವಿದಳು. ಅಜ್ಜಿ ಮತ್ತೆ ಕಾದರು.

ಪರದೆಯ ಮೇಲೆ ಗೆರೆ ಕೆಳಗಿಳಿದದ್ದನ್ನು ಮೊದಲು ನೋಡಿದ್ದು ನಾನು. ಅಜ್ಜ ಕೆಲಸ ಮುಗಿಸಿ ಮುಂದಿನ ಆಜ್ಞೆಗೆ ಕಾದಿದ್ದ. ಸನ್ನೆ ಮಾಡಿದೆ. ಅತ್ತೆ ಓರೆಗಣ್ಣಲ್ಲಿ ನೋಡಿ, ಬೆರಳೆತ್ತಿ ನನ್ನನ್ನು ನಿಲ್ಲಿಸಿ, ಅಡುಗೆಯವನಿಗೆ ಪೀಪಾಯಿ ಸಿಗುವವರೆಗೂ ಓದಿದಳು. ಆಮೇಲೆಯೇ ಅಜ್ಜಿಗೆ ತಡೀರಿ ಹೇಳಿ ಕೀಲಿಮಣೆಗೆ ತಿರುಗಿದಳು. ಹೊಸ ಮರ ಕಟ್ಟಿದ್ದಾಗಿದೆ ಎಂದು ಯಂತ್ರ ಬರೆದಿತ್ತು. ಯಾವ ವಿಶೇಷ ಸೂಚನೆಯೂ ಇಲ್ಲದೆ ಇನ್ನೊಮ್ಮೆ ಬಿಡಿಸಿ ಜೋಡಿಸಿದಳು; ಈ ಸಲ ಥಟ್ಟನೆ ಆಯಿತು, ಹೊಸ ಪದ್ಧತಿ ತಾನಾಗಿಯೇ ನಿಂತಿತ್ತು. ಎರಡು ಪುಸ್ತಕ ತೆರೆದು ಕೇಳಿದಳು, ಒಂದು ಹೊಸ ಫೈಲು ಬರೆದು ಅಳಿಸಿದಳು. ನನ್ನ ಕೈಯಲ್ಲಿ ಗ್ರಂಥಪಾಲಕರಿಗೆ ಹೇಳಿಕಳಿಸಿದಳು, ಬಾಗಿಲು ತೆಗೀಬಹುದು ಎಂದು. ಅವರು ಮೊದಲು ಮಾಡಿದ ಕೆಲಸ ಕೊಲೆಗಾರ ಯಾರೆಂದು ತಿಳಿದುಕೊಂಡದ್ದು.

ನಾನು ಹಿಂತಿರುಗಿ ಬಂದಾಗ ಅತ್ತೆ ಅಜ್ಜಿಗೆ ಹೇಳುತ್ತಿದ್ದಳು, ಯಂತ್ರ ಸರಿಹೋಯಿತು, ಈ ಕಾದಂಬರಿ ಅದರಲ್ಲೇ ಇದೆ, ಇನ್ನು ಗುಂಡಿ ಒತ್ತಿ ಕೇಳಬಹುದು ಎಂದು. ಅದನ್ನು ಓದಿದವಳು ನಾನೇ. ಎರಡು ವರ್ಷದ ಹಿಂದೆ, ಗಂಟಲು ಸವೆಸಿ ಓದಿದ್ದೆ.

“ಗೊತ್ತಮ್ಮ, ಅದನ್ನ ಕೇಳಿದ್ದೀನಿ” ಎಂದರು ಅಜ್ಜಿ. “ಆ ಹುಡುಗಿ ಬಹಳ ಚೆನ್ನಾಗಿ ಓದ್ತಾಳೆ. ಆದ್ರೆ ನಾನು ಕೇಳ್ತಿದ್ದೀನೋ ಇಲ್ವೋ ಅವಳಿಗೆ ಗೊತ್ತಾಗಲ್ಲ. ನೀವು ನಾಳೆ ಇರ್ತೀರಾ?”

ನನಗೆ ಸ್ವಲ್ಪ ಚುರುಕ್ ಅಂದದ್ದು ಸುಳ್ಳಲ್ಲ. ಅತ್ತೆ ನನ್ನ ಮುಖ ನೋಡಿದಳು, ಯಂತ್ರ ನೋಡಿದಳು. ನಾಳೆ ಆಗುವುದಿಲ್ಲ, ಅಜ್ಜನನ್ನು ಒಂದೆರಡು ದಿನ ಕಣ್ಣಿಟ್ಟು ನೋಡಬೇಕು, ಆಮೇಲೆ ಮನೆಯಿಂದ ನಾನೇ ಮಾಡುತ್ತೇನೆ ಎಂದಳು. ಅಪರಿಚಿತರಿಗೆ ತಾನಾಗಿ ಫೋನು ಮಾಡುತ್ತೇನೆ ಎಂದು ಅವಳು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಊಟ ಮುಗಿಸಿ ನಿರ್ದೇಶಕಿ ಬಂದಾಗ ನೋಡಲು ಏನೂ ಉಳಿದಿರಲಿಲ್ಲ. ಫೋನುಗಳು ಎಂದಿನಂತೆ ತಮ್ಮ ಪಾಡಿಗೆ ಪುಸ್ತಕ ಹೇಳುತ್ತಿದ್ದವು. ಇಷ್ಟೇನಾ ಎಂದರು ಆಕೆ. ಇಷ್ಟೇ ಎಂದಳು ಅತ್ತೆ. ಮುಂದಿನ ವಾರಗಳಲ್ಲಿ, ಓದುವ ಕೋಣೆಯಿಂದ ಹೊಸ ಮುದ್ರಣ ಇಳಿಸುವಾಗ ಅಜ್ಜ ನಡುನಡುವೆ ಉಸಿರು ಹಿಡಿದು ನಿಲ್ಲುತ್ತಿದ್ದುದು ಕಡಿಮೆಯಾಯಿತು ಎಂದು ನಾವು ಓದುವವರು ಗಮನಿಸಿದೆವು. ನಕಲು ಯಂತ್ರವನ್ನು ಅತ್ತೆ ಕೊನೆಗೆ ಮಾಡಿದಳು, ಅಜ್ಜ ಗಟ್ಟಿಯಾಗಿದ್ದಾನೆ ಎಂದು ಮನಸ್ಸು ಒಪ್ಪಿದ ಮೇಲೆ. ಬೇರೆ ಊರಿನ ಇಂಥದೇ ಸಂಸ್ಥೆಯವರು ವಿಷಯ ತಿಳಿದು ಕರೆಸಿಕೊಂಡಾಗ ಹೋಗಿ ಅವರದನ್ನೂ ಮಾಡಿಕೊಟ್ಟು ಬಂದಳು. ಅಲ್ಲಿ ಹತ್ತು ಜನರ ಎದುರು ನಿಂತು ವಿವರಿಸಬೇಕಾಯಿತಂತೆ. ಹೇಗಾಯಿತು ಎಂದು ಮಾವ ಕೇಳಿದರೆ, ನಿಧಾನಕ್ಕಾಯಿತು, ಯಾರೂ ಎದ್ದು ಹೋಗಲಿಲ್ಲ ಎಂದಳು.

ಉಗ್ಗು ಹೋಗಿಲ್ಲ. ಹೋಗಲಿ ಎಂದು ಅವಳು ಕಾಯುತ್ತಲೂ ಇಲ್ಲ. ವಾರಕ್ಕೊಮ್ಮೆ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟು ಅಜ್ಜಿಗೆ ಓದುತ್ತಾಳೆ. ಆ ಹೊತ್ತಿನಲ್ಲಿ ಮಾವ ಕೈಹೊಲಿಗೆಯ ಕೆಲಸ ಇಟ್ಟುಕೊಳ್ಳುತ್ತಾರೆ, ಗುಂಡಿ, ಅಂಚು, ಇಂಥದ್ದು. ಇದನ್ನೇ ಮುದ್ರಿಸಿಬಿಡೋಣ ಎಂದು ಗ್ರಂಥಪಾಲಕರು ಒಮ್ಮೆ ಆಸೆ ತೋರಿಸಿದರು. ಬೇಡ ಎಂದಳು ಅತ್ತೆ. ಈ ಸಲ ‘ಬೇಡ’ ಹೊರಬರುವವರೆಗೆ ಅವರು ಕಾದರು. ಅದು ಅಜ್ಜಿಗೆ ಓದಿದ್ದು, ಎಲ್ಲರಿಗೂ ಓದಿದ್ದಲ್ಲ ಎಂದಳು.

ಹಡಗಿನ ಅಡುಗೆಯವನು ದಡ ಸೇರಿ ಬಹಳ ದಿನವಾಯಿತು. ಈಗ ಎರಡನೇ ಕಾದಂಬರಿ ನಡೆದಿದೆ. ಅದು ಮೊದಲಿನದಕ್ಕಿಂತ ದಪ್ಪ, ಅಕ್ಷರ ಸಣ್ಣ, ಹೆಸರುಗಳೆಲ್ಲ ಪಕಾರದಿಂದಲೇ ಶುರು. ಆರಿಸಿದವರು ಅಜ್ಜಿ.